ಬಿಸಿಲಿಗೂ ಮಳೆಗೂ ಜಗ್ಗದ ಮನೆಯ ಸ್ಟಿಕ್ಕರ್

ಬೆಂಗಳೂರಿನ ಆಟೋಗಳ ಬೆನ್ನ ಮೇಲೆ ಶಂಕರ್‌ನಾಗ್ ಇಂದಿಗೂ ಊರು ಸುತ್ತುತ್ತಿದ್ದಾರೆ. 1980ರ ‘ಆಟೋ ರಾಜ’ ಚಿತ್ರದಿಂದ ಬೆಳೆದ ಆ ನಂಟು 1990ರಲ್ಲಿ ಅವರು ತೀರಿಕೊಂಡ ಮೇಲೂ ಸಡಿಲಾಗಿಲ್ಲ. ಕುಂಬಳೆಯ ಕಲಾವಿದ ಕರಣ್ ಆಚಾರ್ಯ 2015ರಲ್ಲಿ ಊರಿನ ಹುಡುಗರ ಧ್ವಜಕ್ಕೆಂದು ಬರೆದುಕೊಟ್ಟ ಹನುಮನ ಮುಖ ಎಲ್ಲೆಲ್ಲಿಯೋ ಕಾರುಗಳ ಹಿಂಗಾಜಿಗೆ ಹತ್ತಿಕೊಂಡದ್ದೂ ಸ್ಟಿಕ್ಕರಿನಿಂದಲೇ. ಇವೆಲ್ಲ ರೇಡಿಯಂ ಕಟಿಂಗ್ ಅಂಗಡಿಗಳ ಕೆಲಸ. ಈಗ ಅದೇ ಕೆಲಸ ಚಿಕ್ಕ ಪ್ರಮಾಣದಲ್ಲಿ ಮನೆಯ ಮೇಜಿನ ಮೇಲೂ ಆಗುತ್ತದೆ. ಇಂಕ್‌ಜೆಟ್ ಪ್ರಿಂಟರ್, ವಿನೈಲ್ ಹಾಳೆ, ಲ್ಯಾಮಿನೇಷನ್ ಫಿಲ್ಮ್, ಒಂದು ಒಳ್ಳೆಯ ಕಟರ್ ಇಷ್ಟಿದ್ದರೆ ಸಾಕು.

ಮನೆಯಲ್ಲಿ ಮಾಡಿದ ಸ್ಟಿಕ್ಕರಿನ ಬಗ್ಗೆ ಕೇಳಿಬರುವ ದೂರು ಒಂದೇ. ಮೊದಲ ವಾರ ಕಣ್ಣು ಕುಕ್ಕುವಂತಿತ್ತು, ತಿಂಗಳಾಗುವಷ್ಟರಲ್ಲಿ ಬಿಳಚಿಕೊಂಡಿತು, ಮಳೆಗೆ ನೆನೆದದ್ದೇ ಬಣ್ಣ ಇಳಿದುಹೋಯಿತು. ಬೈಗುಳವೆಲ್ಲ ಪ್ರಿಂಟರಿಗೆ. ನಿಜವಾದ ಬಾಳಿಕೆ ಇರುವುದು ಅಚ್ಚಾದ ಮೇಲೆ ಇಂಕಿಗೆ ನೀರು ತಾಗದಂತೆ, ಬಿಸಿಲು ನೇರ ಬೀಳದಂತೆ ನಾವು ಏನು ಮಾಡುತ್ತೇವೆ ಎಂಬುದರಲ್ಲಿ.

ಆಟೋದ ಸ್ಟಿಕ್ಕರುಗಳಲ್ಲಿ ಬಹಳಷ್ಟಕ್ಕೆ ಅಚ್ಚೇ ಇರುವುದಿಲ್ಲ. ಬಣ್ಣ ಕಲಸಿಯೇ ತಯಾರಾದ ವಿನೈಲ್ ಅನ್ನು ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸಿರುತ್ತಾರೆ. ಹಾಳೆಯ ಮೈತುಂಬ ಬಣ್ಣವಿರುವಾಗ ಮೇಲ್ಮೈ ಸವೆದರೂ ಚಿತ್ರ ಉಳಿಯುತ್ತದೆ. ಅಂಗಡಿಯ ದೊಡ್ಡ ಮಷಿನ್ನುಗಳ ಇಕೋ ಸಾಲ್ವೆಂಟ್ ಇಂಕು ವಿನೈಲಿನೊಳಕ್ಕೇ ಕಚ್ಚಿಕೊಳ್ಳುತ್ತದೆ. ಮನೆಯ ಪ್ರಿಂಟರಿನದು ನೀರಿನ ಇಂಕು. ಬರಿಯ ವಿನೈಲ್ ಅದನ್ನು ಹೀರುವುದಿಲ್ಲ, ಹಾಗಾಗಿ ಇಂಕ್‌ಜೆಟ್‌ಗೆಂದೇ ಮಾರುವ ಹಾಳೆಗಳ ಮೇಲೆ ಇಂಕು ಹೀರುವ ತೆಳು ಲೇಪವೊಂದನ್ನು ಕೊಟ್ಟಿರುತ್ತಾರೆ. ಚಿತ್ರ ಕೂತಿರುವುದು ಆ ಲೇಪದಲ್ಲಿ. ನೀರು ಮೊದಲು ಹುಡುಕಿಕೊಂಡು ಬರುವುದೂ ಅದನ್ನೇ.

ವಿನೈಲ್ ಎಂದರೆ ಮೆದುಗೊಳಿಸಿದ ಪಿವಿಸಿ. ಗಡುಸಾದ ಆ ಪ್ಲಾಸ್ಟಿಕ್ ಬಾಗುವಂತಾದದ್ದು 1926ರಲ್ಲಿ, ಅಮೆರಿಕದ ವಾಲ್ಡೊ ಸೀಮನ್ ಅವರ ಪ್ರಯೋಗದಿಂದ. ಹಿಂಬದಿಯ ಕಾಗದ ಕಿತ್ತು ಒತ್ತಿದರೆ ಅಂಟುವ ಲೇಬಲ್ಲನ್ನು ಸ್ಟ್ಯಾಂಟನ್ ಏವರಿ ಮಾರುಕಟ್ಟೆಗೆ ತಂದದ್ದು 1935ರಲ್ಲಿ. ಇಂದಿನ ಹಾಳೆಯಲ್ಲೂ ಫಿಲ್ಮ್, ಅಂಟು, ಸಿಲಿಕೋನ್ ಸವರಿದ ಕಾಗದ ಎಂಬ ಮೂರು ಪದರಗಳೇ ಇರುವುದು. ಫಿಲ್ಮಿನಲ್ಲಿ ಎರಡು ಜಾತಿ. ಚಪಾತಿಯಂತೆ ರೋಲರಿನಲ್ಲಿ ಲಟ್ಟಿಸಿದ್ದು ಕ್ಯಾಲೆಂಡರ್ಡ್, ದೋಸೆಯಂತೆ ಹುಯ್ದು ಬೇಯಿಸಿದ್ದು ಕಾಸ್ಟ್. ಲಟ್ಟಿಸಿದ್ದು ಕಾಲ ಕಳೆದಂತೆ ಒಳಕ್ಕೆ ಎಳೆದುಕೊಳ್ಳುತ್ತದೆ. ಹುಯ್ದದ್ದು ಸುಮಾರು 50 ಮೈಕ್ರಾನ್ ದಪ್ಪದ್ದಾದರೂ ಹಾಕಿದ ಹಾಗೇ ಇರುತ್ತದೆ. ಮನೆಬಳಕೆಗೆ ಸಿಗುವ ಎ4 ಹಾಳೆಗಳು ಬಹುತೇಕ ಮೊದಲನೆಯ ಜಾತಿಯವು. ಡಬ್ಬಿ, ಬಾಟಲಿ, ಲ್ಯಾಪ್‌ಟಾಪಿಗೆ ಅವು ಸಾಕು. ಹೆಲ್ಮೆಟ್ಟಿನ ಉಬ್ಬಿಗೆ ಹಾಕಿದರೆ ಅಂಚು ಎದ್ದು ನಿಲ್ಲುತ್ತದೆ.

ಇಂಕಿನಲ್ಲೂ ಡೈ ಮತ್ತು ಪಿಗ್ಮೆಂಟ್ ಎಂಬ ಎರಡು ಬಗೆ. ಡೈ ನೀರಿನಲ್ಲಿ ಕರಗಿದ ಬಣ್ಣ, ಪಿಗ್ಮೆಂಟ್ ನೀರಿನಲ್ಲಿ ತೇಲುವ ಬಣ್ಣದ ಪುಡಿ. ಬಿಸಿಲಿನ ನೇರಳಾತೀತ ಕಿರಣ ಡೈಯನ್ನು ಬೇಗ ಒಡೆದುಹಾಕುತ್ತದೆ, ಪಿಗ್ಮೆಂಟ್ ಹೆಚ್ಚು ಕಾಲ ತಡೆಯುತ್ತದೆ. ಹಲವು ಇಂಕ್‌ಟ್ಯಾಂಕ್ ಪ್ರಿಂಟರುಗಳಲ್ಲಿ ಕಪ್ಪು ಪಿಗ್ಮೆಂಟ್ ಆದರೆ ಉಳಿದ ಬಣ್ಣಗಳು ಡೈ. ಒಣಗಿದ ಅಚ್ಚಿನ ಮೇಲೆ ಒದ್ದೆ ಬೆರಳು ಉಜ್ಜಿದರೆ ನಿಮ್ಮದು ಯಾವುದೆಂದು ಬಹುಮಟ್ಟಿಗೆ ಗೊತ್ತಾಗುತ್ತದೆ. ಡೈ ಎಂದಾದರೆ ಕೈಬಿಡಬೇಕಿಲ್ಲ, ಮೇಲಿನ ಪದರಕ್ಕೆ ಇನ್ನಷ್ಟು ನಿಗಾ ಕೊಡಿ. ಲೇಸರ್ ಪ್ರಿಂಟರಿಗೆ ಮಾತ್ರ ಈ ಹಾಳೆಯನ್ನು ಖಂಡಿತ ಹಾಕಬೇಡಿ. ಟೋನರ್ ಕರಗಿಸುವ ಅದರ ರೋಲರ್ 200 ಡಿಗ್ರಿಯ ಹತ್ತಿರಕ್ಕೆ ಕಾಯುತ್ತದೆ. ವಿನೈಲ್ ಅಲ್ಲಿ ಕರಗಿ ಸುತ್ತಿಕೊಂಡರೆ ಪ್ರಿಂಟರ್ ರಿಪೇರಿಗೇ ಹೋಗಬೇಕು. ಲೇಸರಿಗೆಂದು ಬೇರೆ ಪಾಲಿಯೆಸ್ಟರ್ ಹಾಳೆಗಳೇ ಇವೆ.

ಅಚ್ಚಾದ ಹಾಳೆಯನ್ನು ಒಂದು ದಿನ ಫ್ಯಾನಿನ ಕೆಳಗೆ ಬಿಡಬೇಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಾದರೆ ಇನ್ನೊಂದು ದಿನ. ತೇವ ಒಳಗೆ ಸಿಕ್ಕಿಕೊಂಡರೆ ಲ್ಯಾಮಿನೇಷನ್ ಹಿಡಿಯುವುದಿಲ್ಲ. ಲ್ಯಾಮಿನೇಷನ್ ಎಂದರೆ ಗುರುತಿನ ಚೀಟಿಗೆ ಮಾಡಿಸುವ ಬಿಸಿಯದಲ್ಲ. ತಾನೇ ಅಂಟುವ ತಣ್ಣನೆಯ ಪಾರದರ್ಶಕ ಫಿಲ್ಮ್ ಬೇಕು, ನೇರಳಾತೀತ ಕಿರಣ ತಡೆಯುವಂಥದ್ದಾದರೆ ಇನ್ನೂ ಒಳ್ಳೆಯದು.

ಹೆಚ್ಚಿನವರು ಎಡವುವುದು ಇದರ ನಂತರ. ಲ್ಯಾಮಿನೇಷನ್ ಮಾಡಿ ಚಿತ್ರದ ಅಂಚಿಗೆ ಸರಿಯಾಗಿ ಕತ್ತರಿಸಿದರೆ ಸುತ್ತಲೂ ಇಂಕಿನ ಲೇಪ ತೆರೆದುಕೊಳ್ಳುತ್ತದೆ. ಮೇಲಿನಿಂದ ಬಾರದ ನೀರು ಪಕ್ಕದಿಂದ ನುಗ್ಗುತ್ತದೆ. ತುಂಬ ನೀರು ಬೀಳುವ ಕಡೆಗೆ ಹಾಕುವುದಾದರೆ ಹೀಗೆ ಮಾಡಿ. ಮೊದಲು ಸ್ಟಿಕ್ಕರನ್ನು ಕತ್ತರಿಸಿ ವಸ್ತುವಿಗೆ ಅಂಟಿಸಿ. ಆಮೇಲೆ ಅದಕ್ಕಿಂತ ಸುತ್ತಲೂ ಮೂರು ಮಿಲಿಮೀಟರ್ ದೊಡ್ಡದಾದ ಲ್ಯಾಮಿನೇಷನ್ ತುಂಡನ್ನು ಮೇಲೆ ಹಾಕಿ, ಆ ಮೂರು ಮಿಲಿಮೀಟರ್ ನೇರವಾಗಿ ವಸ್ತುವಿಗೇ ಕಚ್ಚಿಕೊಳ್ಳುವಂತೆ ಒತ್ತಿ. ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೂಪು ಮೂಲೆ ಬಟ್ಟೆಗೋ ಬೆರಳಿಗೋ ಸಿಕ್ಕಿ ಮೊದಲು ಏಳುತ್ತದೆ.

ಕನ್ನಡದಲ್ಲಿ ಹೆಸರು ಹಾಕಿಸಲು ಹೋದವರಿಗೆ ಗೊತ್ತು, ನಮ್ಮ ಅಕ್ಷರ ಕಟಿಂಗ್ ಮಷಿನ್ನಿಗೆ ಸುಲಭದ ತುತ್ತಲ್ಲ. ಫಾಂಟಿನಲ್ಲಿ ಅಕ್ಷರ, ಗುಣಿತ, ಒತ್ತು ಬೇರೆ ಬೇರೆ ತುಂಡುಗಳಾಗಿದ್ದು ಒಂದರ ಮೇಲೊಂದು ಹಾಯುತ್ತವೆ. ಹಾಗೇ ಕಟಿಂಗ್‌ಗೆ ಕಳಿಸಿದರೆ ಬ್ಲೇಡು ಅಕ್ಷರದ ಹೊಟ್ಟೆಯೊಳಗೂ ಗೀರುತ್ತದೆ. ಇಂಕ್‌ಸ್ಕೇಪ್‌ನಂಥ ಉಚಿತ ತಂತ್ರಾಂಶದಲ್ಲಿ ಯುನಿಕೋಡ್ ಅಕ್ಷರವನ್ನು ಪಾತ್ ಆಗಿ ಬದಲಿಸಿ, ಯೂನಿಯನ್ ಕೊಟ್ಟು ಒಂದೇ ಗೆರೆ ಮಾಡಿಕೊಳ್ಳಬೇಕು. ಆದರೂ ‘ಲಕ್ಷ್ಮೀ’ ಎಂದು ಕತ್ತರಿಸಿ ಅಂಟಿಸಿದರೆ ಕೆಳಗಿನ ಪುಟ್ಟ ಒತ್ತುಗಳು ಮೊದಲು ಉದುರುತ್ತವೆ, ಅಂಟು ಹಿಡಿಯಲು ಅವುಗಳಿಗೆ ಜಾಗವೇ ಸಾಲದು. ಅದಕ್ಕೇ ಸಣ್ಣ ಕನ್ನಡ ಬರಹಕ್ಕೆ ಅಚ್ಚಿನ ಸ್ಟಿಕ್ಕರೇ ಲೇಸು ಎಂಬುದು ನನ್ನ ಅನುಭವದ ಮಾತು. ಇಡೀ ಪದಕ್ಕೆ ಒಂದೇ ಹಿನ್ನೆಲೆ ಬಣ್ಣ ಕೊಟ್ಟು ಅದರ ಹೊರಗಡೆ ಕತ್ತರಿಸಿದರೆ ಒತ್ತಕ್ಷರಗಳೆಲ್ಲ ಜೊತೆಗೇ ಉಳಿಯುತ್ತವೆ. ‘ಬಾಲೂ ತಮ್ಮ’ದಂಥ ದಪ್ಪ ಫಾಂಟ್ ದೂರಕ್ಕೂ ಓದಿಸುತ್ತದೆ.

ಅಂಟಿಸುವ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಕಣ್ಣಿಗೆ ಕಾಣದ ಎಣ್ಣೆಯೇ ಅಂಟಿನ ಮೊದಲ ಶತ್ರು. ಈ ಅಂಟು ಕೆಲಸ ಮಾಡುವುದು ಒತ್ತಡದಿಂದ, ಹಾಗಾಗಿ ನಡುವಿನಿಂದ ಅಂಚಿಗೆ ಸ್ಕ್ವೀಜಿ ಎಂಬ ಚಪ್ಪಟೆ ಪಟ್ಟಿಯಿಂದ ಬಲವಾಗಿ ಒತ್ತಿ ಒಂದೆರಡು ದಿನ ನೀರು ಸೋಕಿಸಬೇಡಿ. ಪಾಲಿಪ್ರೊಪಿಲೀನ್ ಡಬ್ಬಿಗಳಿಗೆ ಸಾಮಾನ್ಯ ಅಂಟು ಹಿಡಿಯುವುದು ಕಷ್ಟ. ವಾಹನಕ್ಕೆ ಅಂಟಿಸುವಾಗ ನಂಬರ್ ಪ್ಲೇಟಿನ ಗೊಡವೆಗೆ ಹೋಗಲೇಬೇಡಿ, ಕಾನೂನು ಒಪ್ಪುವುದಿಲ್ಲ. ಉಳಿದ ಚೂರುಗಳನ್ನು ಒಲೆಗೆ ಹಾಕಬಾರದು. ಪಿವಿಸಿ ಸುಟ್ಟರೆ ಬರುವ ಹೈಡ್ರೋಜನ್ ಕ್ಲೋರೈಡ್ ಅನಿಲ ಎದೆಗೆ ಕೆಟ್ಟದ್ದು. ಲೇಸರ್ ಕಟರಿನಲ್ಲಿ ವಿನೈಲ್ ಕತ್ತರಿಸಬಾರದು ಎನ್ನುವುದೂ ಇದಕ್ಕೇ.

ಈ ಕಸುಬಿನಿಂದ ನಿಜಕ್ಕೂ ಉಪಕಾರವಾಗುವುದು ಮನೆಯಲ್ಲಿ ಉಪ್ಪಿನಕಾಯಿ, ಜೇನು, ಸಾಂಬಾರು ಪುಡಿ ಮಾಡಿ ಮಾರುವ ಹೆಂಗಸರಿಗೆ ಎಂದು ನನಗನಿಸುತ್ತದೆ. ಪ್ರೆಸ್ಸಿಗೆ ಹೋದರೆ ಲೇಬಲ್ಲಿನ ಲೆಕ್ಕ ಸಾವಿರದಿಂದ ಶುರು. ಇವರಿಗೆ ಬೇಕಾದದ್ದು ಈ ಸಲದ ಮಿಡಿಗೆ ಮೂವತ್ತು, ಮುಂದಿನ ಸಲದ ನಿಂಬೆಗೆ ಇಪ್ಪತ್ತು. ಕಾಗದದ ಲೇಬಲ್ ಭರಣಿಯಿಂದ ಜಿನುಗಿದ ಎಣ್ಣೆ ಕುಡಿದು ಕಂದುತ್ತದೆ, ಲ್ಯಾಮಿನೇಷನ್ ಆದ ವಿನೈಲ್ ಒರೆಸಿದರೆ ಹೊಸದರಂತಿರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆಯನ್ನು ವಿನ್ಯಾಸದಲ್ಲೇ ಸೇರಿಸಿಬಿಡಬಹುದು. ತಯಾರಿಸಿದ ದಿನಾಂಕಕ್ಕೆ ಖಾಲಿ ಚೌಕ ಬಿಟ್ಟು, ಹೊಳೆಯುವ ಫಿಲ್ಮಿನ ಬದಲು ಮ್ಯಾಟ್ ಫಿಲ್ಮ್ ಹಾಕಿಕೊಳ್ಳಿ. ಅದರ ಮೇಲೆ ಪರ್ಮನೆಂಟ್ ಮಾರ್ಕರಿನ ಬರಹ ಚೆನ್ನಾಗಿ ಕೂರುತ್ತದೆ. ಭರಣಿ ವಾಪಸು ಬಂದಾಗ ಸ್ಪಿರಿಟ್ಟಿನಿಂದ ಒರೆಸಿ ಹೊಸ ದಿನಾಂಕ ಬರೆಯಬಹುದು.