ಬಣ್ಣ ಬಳಿದರೆ ರೈಲು ಕೂಡದು!

ನಮ್ಮ ಕಡ್ಡಿರಾಂಪುರದ ಹುಡುಗನೊಬ್ಬ ಆಟದ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ರೈಲು ಮಾಡಹೊರಟ. 1990ರ ದಶಕದಲ್ಲಿ ನೀಲಿಗೆ ತಿರುಗುವ ಮುನ್ನ ಬೋಗಿಗಳಿಗಿದ್ದ ಕೆಂಗಂದು ಬಣ್ಣವೇ ಬೇಕೆಂದು ಕೆಂಪು ಇಟ್ಟಿಗೆಗಳಿಗೆಲ್ಲ ಪೇಂಟ್ ಬಳಿದ. ಒಣಗಿದ ಮೇಲೆ ಒಂದಕ್ಕೊಂದು ಕೂಡಲೊಲ್ಲವು. ಒತ್ತಿದರೆ ಬಣ್ಣ ಕಿತ್ತು ಬಂತು. ಅಳುಮುಖ ಹೊತ್ತು ನನ್ನ ಬಳಿ ಬಂದ.

ತಪ್ಪಾದದ್ದೆಲ್ಲಿ? ಇಟ್ಟಿಗೆಗಳನ್ನು ಹಿಡಿದಿಡುವುದು ಘರ್ಷಣೆ. ಲೆಗೊ ಕಂಪನಿ 1963ರಿಂದ ಬಳಸುತ್ತಿರುವ ಎಬಿಎಸ್ ಪ್ಲಾಸ್ಟಿಕ್ಕಿನ ಇಟ್ಟಿಗೆಯಲ್ಲಿ ಮಿಲಿಮೀಟರಿನ ನೂರನೆಯ ಒಂದು ಭಾಗವೂ ಲೆಕ್ಕಕ್ಕೆ ಬರುತ್ತದೆ. ಪೇಂಟಿನ ಪದರ ಅದಕ್ಕಿಂತ ದಪ್ಪ.

ಚನ್ನಪಟ್ಟಣದ ಗೊಂಬೆಗಳಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರವನ್ನು ಹೊದೆಯುತ್ತದೆ. ಅಲ್ಲಿ ಮೇಲ್ಪದರ ಸಾಕು. ಇಲ್ಲಿ ಬಣ್ಣ ಒಳಗಿಳಿಯಬೇಕು.

ಪಾಲಿಯೆಸ್ಟರ್ ಬಟ್ಟೆಗೆ ಹಾಕುವ ಬಣ್ಣದ ಅಣುಗಳು ಬಿಸಿನೀರಿನಲ್ಲಿ ಪ್ಲಾಸ್ಟಿಕ್ಕಿನೊಳಕ್ಕೇ ಸೇರುತ್ತವೆ. ಆದರೆ ನೀರು ಕುದಿಯಬಾರದು. 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಟ್ಟಿಗೆ ಮೆತ್ತಗಾಗಿ ಸೊಟ್ಟಗಾದೀತು. ತಿಳಿಬಣ್ಣ ಗಾಢವಾಗುತ್ತದೆ, ಗಾಢಬಣ್ಣ ತಿಳಿಯಾಗದು.

ಪಾಲಕರೇ, ಒಲೆಯ ಕೆಲಸ ನಿಮ್ಮದು. ಅಡುಗೆಗೆ ಬಳಸದ ಪಾತ್ರೆಯಿರಲಿ. ಬಾಯಿಗೆ ಹಾಕುವ ಎಳೆಯ ಮಕ್ಕಳಿಗೆ ಈ ಇಟ್ಟಿಗೆ ಬೇಡ.

ಹುಡುಗ ಈ ಬಾರಿ ಮೊದಲು ಒಂದೇ ಇಟ್ಟಿಗೆಯನ್ನು ಅದ್ದಿ, ತೊಳೆದು, ಒಣಗಿಸಿ, ಒತ್ತಿ ನೋಡಿದ. ಟಕ್ಕೆಂದು ಕೂಡಿತು!