ಕುದುರೆಮುಖ: ಅಯಸ್ಕಾಂತ ಆರಿಸಿದ ಕಬ್ಬಿಣ

ಮರಳಿನಲ್ಲಿ ಬೆರೆತ ಕಬ್ಬಿಣದ ಪುಡಿಯನ್ನು ಬೇರ್ಪಡಿಸುವುದು ಹೇಗೆ? 'ಅಯಸ್ಕಾಂತದಿಂದ' ಎಂದು ಮಾಧ್ಯಮಿಕ ಶಾಲೆಯ ಮಕ್ಕಳೂ ಥಟ್ಟನೆ ಉತ್ತರಿಸುತ್ತಾರೆ. ಪಠ್ಯಪುಸ್ತಕದ ಈ ಪುಟ್ಟ ಪ್ರಯೋಗವೇ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಸುಮಾರು ಕಾಲು ಶತಮಾನ ಬೃಹತ್ ಉದ್ಯಮವಾಗಿ ನಡೆಯಿತು. ನೀಲಮಣಿಯ ಗಣಿಯಲ್ಲಿ ಒಂದೊಂದೇ ಹರಳನ್ನು ಕಣ್ಣಳತೆಯಿಂದ ಆರಿಸುತ್ತಾರೆ. ಇಲ್ಲಿ ಇಡೀ ಗುಡ್ಡವನ್ನೇ ಪುಡಿ ಮಾಡಿ, ಆರಿಸುವ ಕೆಲಸವನ್ನು ಅಯಸ್ಕಾಂತಕ್ಕೆ ಒಪ್ಪಿಸಲಾಗಿತ್ತು.

ಕಳಸದ ಆಚೆಗಿನ ಈ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರು ಇರುವುದನ್ನು 1913ರಲ್ಲಿ ಗುರುತಿಸಿದವರು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್. ಆದರೂ ಅದು ಹಲವು ದಶಕ ಹಾಗೆಯೇ ಉಳಿಯಿತು. ಬಳ್ಳಾರಿ-ಹೊಸಪೇಟೆಯ ಉತ್ತಮ ಅದಿರಿನಲ್ಲಿ ಶೇಕಡಾ 60ಕ್ಕೂ ಹೆಚ್ಚು ಕಬ್ಬಿಣವಿದ್ದರೆ ಇಲ್ಲಿರುವುದು ಶೇಕಡಾ 38ರಷ್ಟು ಮಾತ್ರ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಬೆಣಚುಕಲ್ಲು. ಜೊತೆಗೆ ದಟ್ಟ ಕಾಡು, ತಿಂಗಳುಗಟ್ಟಲೆ ಸುರಿಯುವ ಮಳೆ.

ಪರಿಸ್ಥಿತಿ ಬದಲಾದದ್ದು 1975ರಲ್ಲಿ. ಇರಾನ್ ದೇಶ 63 ಕೋಟಿ ಡಾಲರ್ ಸಾಲ ಕೊಟ್ಟು, ಇಲ್ಲಿನ ಅದಿರನ್ನು ತಾನೇ ಕೊಳ್ಳಲು ಒಪ್ಪಿತು. 1976ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಆದರೆ 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಸಾಲದ ಹಣ ಅರ್ಧದಾರಿಯಲ್ಲೇ ನಿಂತಿತು, ಅದಿರು ಕೊಳ್ಳುವವರೂ ಇಲ್ಲವಾದರು. ಆದರೂ ಭಾರತ ತನ್ನ ಹಣದಲ್ಲಿಯೇ 1980ರಲ್ಲಿ ಸ್ಥಾವರವನ್ನು ಪೂರ್ಣಗೊಳಿಸಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡಿತು.

ಕೆಲಸ ನಡೆಯುತ್ತಿದ್ದ ಕ್ರಮ ಹೀಗೆ: ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಅದಿರನ್ನು ದೈತ್ಯ ಲಾರಿಗಳಲ್ಲಿ ತುಂಬಿ ಜಲ್ಲಿಯಂತ್ರಕ್ಕೆ ಸುರಿಯುತ್ತಿದ್ದರು. ಅನಂತರ ನೀರಿನೊಂದಿಗೆ ತಿರುಗುವ ಭಾರಿ ಪೀಪಾಯಿಗಳಲ್ಲಿ ನುಣ್ಣಗೆ ಅರೆಯುತ್ತಿದ್ದರು. ಹೀಗೆ ಅರೆಯದಿದ್ದರೆ ಕಬ್ಬಿಣದ ಕಣವೂ ಬೆಣಚಿನ ಕಣವೂ ಒಂದನ್ನೊಂದು ಬಿಡುವುದಿಲ್ಲ. ಅರೆದ ರಾಡಿಯನ್ನು ಅಯಸ್ಕಾಂತವಿರುವ ಉರುಳೆಗಳ ಮೇಲೆ ಹರಿಸಿದಾಗ, ಕುದುರೆಮುಖದ ಮುಖ್ಯ ಅದಿರಾದ ಮ್ಯಾಗ್ನಟೈಟ್ ಉರುಳೆಗೆ ಅಂಟಿಕೊಳ್ಳುತ್ತಿತ್ತು. ಬೆಣಚು ನೀರಿನೊಂದಿಗೆ ಹರಿದುಹೋಗುತ್ತಿತ್ತು. ಕೊನೆಗೆ ದೊರೆಯುವ ಕಪ್ಪು ಪುಡಿಯಲ್ಲಿ ಕಬ್ಬಿಣದ ಪ್ರಮಾಣ ಶೇಕಡಾ 67ರಷ್ಟು.

ಈ ಪುಡಿಯನ್ನು ಕಡಲತೀರಕ್ಕೆ ಸಾಗಿಸುವುದು ಹೇಗೆ? ಘಟ್ಟದಲ್ಲಿ ರೈಲಿಲ್ಲ. ಎಂಜಿನಿಯರುಗಳು ಕಂಡುಕೊಂಡ ಉಪಾಯ ಕೊಳವೆಮಾರ್ಗ. ಪುಡಿಯನ್ನು ನೀರಿನಲ್ಲಿ ಕಲಸಿ, ಘಟ್ಟದ ಇಳಿಜಾರನ್ನೇ ಬಳಸಿಕೊಂಡು, 67 ಕಿಲೋಮೀಟರ್ ದೂರದ ಮಂಗಳೂರು ಬಂದರಿಗೆ ಹರಿಸಲಾಯಿತು. ಅಲ್ಲಿ ನೀರನ್ನು ಸೋಸಿ ಪುಡಿಯನ್ನು ಹಡಗಿಗೆ ತುಂಬುತ್ತಿದ್ದರು. 1987ರಿಂದ ಮಂಗಳೂರಿನ ಸ್ಥಾವರದಲ್ಲಿ ಅದನ್ನು ಗೋಲಿಗಾತ್ರದ ಉಂಡೆಗಳಾಗಿ ಕಟ್ಟಿ, ಕುಲುಮೆಯಲ್ಲಿ ಸುಟ್ಟು ಗಟ್ಟಿ ಮಾಡಿ ಮಾರುವುದೂ ಆರಂಭವಾಯಿತು.

ಇಲ್ಲೊಂದು ಸರಳ ಲೆಕ್ಕವನ್ನು ವಿದ್ಯಾರ್ಥಿಗಳು ಮಾಡಿ ನೋಡಬಹುದು. 100 ಟನ್ ಅದಿರಿನಲ್ಲಿ ಇರುವ ಕಬ್ಬಿಣ 38 ಟನ್. ಒಂದು ಕಣವೂ ಪೋಲಾಗದಿದ್ದರೂ ಅದರಿಂದ ಸಿಗುವ ಶೇಕಡಾ 67ರ ಪುಡಿ 57 ಟನ್ನಿಗಿಂತ ಕಡಿಮೆ. ಉಳಿದ 43 ಟನ್ ಕಸ. ವಾಸ್ತವದಲ್ಲಿ ಕಸದ ಪಾಲು ಇನ್ನೂ ಹೆಚ್ಚು. ಈ ಕಸವನ್ನು ತಡೆದು ನಿಲ್ಲಿಸಲೆಂದೇ ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಬೇಕಾಯಿತು. ತೆರೆದ ಗುಡ್ಡದ ಮೇಲೆ ಬಿದ್ದ ಮಳೆನೀರು ಮಾತ್ರ ಕೆಮ್ಮಣ್ಣನ್ನು ಹೊತ್ತು ಭದ್ರೆಗೆ ಸೇರುತ್ತಿತ್ತು. ಕೆಳಗಿನ ಬಯಲಿನ ರೈತರಿಗೆ ಭದ್ರೆಯೇ ಆಧಾರ.

ತುಂಗೆ, ಭದ್ರೆ, ನೇತ್ರಾವತಿ ಮೂರೂ ಈ ಬೆಟ್ಟಸಾಲಿನಲ್ಲಿಯೇ ಹುಟ್ಟುತ್ತವೆ. ಇಲ್ಲಿಯ ಶೋಲಾ ಕಾಡುಗಳು ಅಳಿವಿನಂಚಿನ ಸಿಂಗಳೀಕಗಳ ಮನೆ. 1987ರಲ್ಲಿ ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನವನ್ನಾಗಿಸುವ ಘೋಷಣೆ ಹೊರಬಿತ್ತು. 1999ರಲ್ಲಿ ಗಣಿಗುತ್ತಿಗೆಯ 30 ವರ್ಷದ ಅವಧಿ ಮುಗಿದಾಗ ಅದನ್ನು ಮುಂದುವರಿಸುವ ಪ್ರಯತ್ನಕ್ಕೆ ಪರಿಸರಪ್ರಿಯರಿಂದ ಪ್ರಬಲ ವಿರೋಧ ಎದುರಾಯಿತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಅರ್ಜಿದಾರರಾಗಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ನೀಡಿತು. ಅದರಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಮಂಗಳೂರಿನ ಸ್ಥಾವರ ಹೊರಗಿನ ಅದಿರನ್ನು ನೆಚ್ಚಿಕೊಳ್ಳಬೇಕಾಯಿತು.

ಗೆದ್ದದ್ದು ಕಾಡು ಎನ್ನುವುದು ಸುಲಭ. ಆದರೆ ಗಣಿಯನ್ನು ನಂಬಿ ಶಾಲೆ, ಆಸ್ಪತ್ರೆ, ಮಾರುಕಟ್ಟೆಗಳೊಂದಿಗೆ ಬೆಳೆದಿದ್ದ ಊರೊಂದು ಬರಿದಾಯಿತು. ಅಲ್ಲಿಯೇ ಓದಿ ಬೆಳೆದ ಮಕ್ಕಳ ಪಾಲಿಗೆ ತವರೂರೇ ಚದುರಿಹೋಯಿತು. ಇನ್ನೊಂದೆಡೆ, 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮಘಟ್ಟದ ತಾಣಗಳಲ್ಲಿ ಕುದುರೆಮುಖವೂ ಒಂದು. ಗಣಿಯ ಆಯುಷ್ಯ ಕಾಲು ಶತಮಾನ. ಅದು ಬಿಟ್ಟುಹೋದ ಲಕ್ಯಾ ಕಣಿವೆಯ ಹೂಳನ್ನು ಕಾಯುವ ಹೊಣೆ ಮಾತ್ರ ಮುಂದಿನ ತಲೆಮಾರುಗಳದು. ಇಂದು ತರಗತಿಯಲ್ಲಿ ಅಯಸ್ಕಾಂತ ಹಿಡಿದಿರುವ ಮಕ್ಕಳೂ ಆ ತಲೆಮಾರಿಗೇ ಸೇರಿದವರು.