ಮೇಲೆ ಥಳಕು, ಕೆಳಗೆ ಹುಳುಕು: ತುಕ್ಕು ಹಿಡಿದ ಕಾರಿಗೆ ಎಣ್ಣೆಡಬ್ಬದ ತೇಪೆ!

ಉಡುಪಿ: "ಒಂದು ಚೂರು ತುಕ್ಕಿಲ್ಲ ಮಾರಾಯ್ರೆ, ಬೇಕಾದ್ರೆ ಮ್ಯಾಗ್ನೆಟ್ ಹಿಡಿದು ನೋಡಿ" ಎಂದು ಹೇಳಿ ಮಾರಿದ ಕಾರು ಅದು. ಕೊಂಡವರು ಮ್ಯಾಗ್ನೆಟ್ ಹಿಡಿದು ನೋಡಲಿಲ್ಲ. ಬಣ್ಣ ಫಳಫಳ ಹೊಳೆಯುತ್ತಿತ್ತು, ಎಂಜಿನ್ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು, ಅಷ್ಟೇ ಸಾಕಾಯಿತು.

ಪೇಟೆಯ ದಿನಸಿ ವ್ಯಾಪಾರಿಯೊಬ್ಬರು 2022ರಲ್ಲಿ 85 ಸಾವಿರ ಎಣಿಸಿ ಕೊಟ್ಟು ಈ 2009ರ ಮಾಡೆಲ್ ಮಾರುತಿ 800 ಕಾರನ್ನು ಮನೆಗೆ ತಂದಿದ್ದರು. ಕಾರಿಗೆ 15 ವರ್ಷ ತುಂಬುತ್ತಲೇ 2024ರಲ್ಲಿ ಎಫ್.ಸಿ. ಮಾಡಿಸಬೇಕೆಂದು ಗ್ಯಾರೇಜಿಗೆ ಬಿಟ್ಟರು. ಕಾರನ್ನು ಮೇಲೆತ್ತಿದ ಟಿಂಕರಿಂಗ್ ಕೆಲಸದವನು ಬಾಗಿಲ ಕೆಳಗಿನ ಪಡಿಗೆ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಕುಟ್ಟಿದ. ಠಣ್ ಎನ್ನಬೇಕಾದ ಜಾಗ ದೊಪ್ ಎಂದಿತು. ಇನ್ನೊಂದು ಪೆಟ್ಟಿಗೆ ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು!

ಮುಂದೆ ಒಂದೊಂದಾಗಿ ಹೊರಬಿದ್ದದ್ದು ನೋಡಿ ವ್ಯಾಪಾರಿಗೆ ನಿಂತ ನೆಲ ಕುಸಿದ ಹಾಗಾಯಿತು. ಹೆಬ್ಬೆರಳು ದಪ್ಪದ ಪುಟ್ಟಿಯ ಹೆಂಟೆ, ಅದರ ಹಿಂದೆ ರಾಳದಲ್ಲಿ ಅದ್ದಿದ ಗೋಣಿತಾಟು, ಅದರೊಳಗೆ ಉಂಡೆ ಕಟ್ಟಿ ತುರುಕಿದ ಹಳೇ ಪೇಪರು. ಇನ್ನೊಂದು ಬದಿಯಲ್ಲಿ ಕಂಡದ್ದು ರಿವಿಟ್ ಹೊಡೆದು ಕೂರಿಸಿದ ಎಣ್ಣೆಡಬ್ಬದ ತಗಡು. ಅದರ ಮೇಲಿನ ತೆಂಗಿನಮರದ ಚಿತ್ರ ಇನ್ನೂ ಮಾಸಿರಲಿಲ್ಲ. ಅಂಥ ಡಬ್ಬ ಅವರ ಅಂಗಡಿಯಲ್ಲಿ ದಿನಕ್ಕೆ ನಾಲ್ಕು ಖಾಲಿಯಾಗುತ್ತದೆ. ಡಬ್ಬದ ಈ ಉಪಯೋಗ ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಅಂದಹಾಗೆ, ಮ್ಯಾಗ್ನೆಟ್ ಹಿಡಿದಿದ್ದರೂ ಅರ್ಧ ಮೋಸವೇ ಸಿಕ್ಕಿಬೀಳುತ್ತಿತ್ತು. ಪುಟ್ಟಿಗೆ ಮ್ಯಾಗ್ನೆಟ್ ಅಂಟುವುದಿಲ್ಲ, ಸರಿ. ಆದರೆ ಎಣ್ಣೆಡಬ್ಬದ ತಗಡಿಗೆ ಚೆನ್ನಾಗಿಯೇ ಅಂಟುತ್ತದೆ.

ಉಪ್ಪು ತಿಂದ ಊರು

ಕರಾವಳಿಯಲ್ಲಿ ಇದು ಒಬ್ಬರ ಕಥೆಯಲ್ಲ. ಟಿಂಕರಿಂಗ್ ಶೆಡ್ಡುಗಳ ಮುಂದೆ ಒಂದು ಸಂಜೆ ನಿಂತರೆ ಸಾಕು, ಇಂಥ ಕಥೆ ಕೇಳಲು ಸಿಗುತ್ತದೆ. ಹಳೇ ಅಂಬಾಸಿಡರ್, ಮುಂಬಯಿಯಿಂದ ಊರಿಗೆ ಬಂದ ಪದ್ಮಿನಿ, ಮಾರುತಿ 800, ಓಮ್ನಿ, ಎಲ್ಲದರ ಹೊಟ್ಟೆಯಲ್ಲೂ ಒಂದಲ್ಲ ಒಂದು ತೇಪೆ ಇದ್ದೇ ಇರುತ್ತದೆ.

ಇವೆಲ್ಲ ಈಗ ಮುದಿ ಗಾಡಿಗಳೇ. ಪದ್ಮಿನಿ ತಯಾರಿಕೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ನಿಂತಿತು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಮತ್ತು ಉತ್ತರಪಾಡಾದ ಅಂಬಾಸಿಡರ್ ಎರಡರದ್ದೂ 2014ರಲ್ಲಿ ಮುಗಿಯಿತು. ಓಮ್ನಿಯದ್ದು 2019ರಲ್ಲಿ. ಹೊಸದು ಬರುವುದಿಲ್ಲ, ಇದ್ದದ್ದನ್ನೇ ತಿಕ್ಕಿ ತೊಳೆದು ಓಡಿಸಬೇಕು.

ಇಲ್ಲಿನ ಗಾಳಿಯಲ್ಲೇ ಉಪ್ಪಿದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಡೆಯುತ್ತದೆ. ಅದೂ ಸಾಲದೆಂಬಂತೆ ಮಲ್ಪೆ, ಮಂಗಳೂರು ಬಂದರುಗಳಿಂದ ಹೊರಡುವ ಮೀನಿನ ಲಾರಿಗಳು ಹೆದ್ದಾರಿ ಉದ್ದಕ್ಕೂ ಉಪ್ಪುನೀರು ಸುರಿಸಿಕೊಂಡೇ ಹೋಗುತ್ತವೆ. ಬೈಕಿನವರು ಜಾರಿ ಬೀಳುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದೇ ನೀರು ಕಾರಿನ ಅಡಿಗೆ ಎರಚಿ ಒಳಗೊಳಗೇ ಕೊರೆಯುವುದು ಯಾರಿಗೂ ಕಾಣುವುದಿಲ್ಲ.

ತುಕ್ಕಿಗೆ ಬೇಕಾದದ್ದು ಕಬ್ಬಿಣ, ನೀರು, ಗಾಳಿ, ಇಷ್ಟೇ. ಉಪ್ಪು ಸೇರಿದರೆ ಬೆಂಕಿಗೆ ತುಪ್ಪ ಹೊಯ್ದ ಹಾಗೆ. ಕಬ್ಬಿಣ ತುಕ್ಕಾದಾಗ ಅದಕ್ಕೆ ಮೊದಲಿಗಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಬೇಕು. ಅದಕ್ಕೇ ಬಣ್ಣದ ಮೇಲೆ ಗುಳ್ಳೆ ಏಳುವುದು. ಹೊರಗೆ ಕಡಲೆಯಷ್ಟು ಗುಳ್ಳೆ ಕಂಡರೆ ಒಳಗೆ ಅಂಗೈಯಷ್ಟು ಜಾಗ ಹೋಗಿರುತ್ತದೆಂದು ಕಸುಬುದಾರರ ಲೆಕ್ಕ. ಕಾರಿನ ತಗಡಿನ ದಪ್ಪವಾದರೂ ಎಷ್ಟು? ಒಂದು ಮಿಲಿಮೀಟರಿಗೂ ಕಡಿಮೆ!

ತೇಪೆಯೇ ಶತ್ರು

ತೂತು ಮುಚ್ಚಿದರೆ ಆಯಿತಲ್ಲ, ಅದರಲ್ಲೇನು ತಪ್ಪು ಅಂತೀರಾ? ತಪ್ಪು ಇರುವುದು ಅಲ್ಲೇ. ಪುಟ್ಟಿ ನೀರು ಹೀರುತ್ತದೆ. ಗೋಣಿತಾಟು, ಪೇಪರು ಒದ್ದೆಯಾದರೆ ತಿಂಗಳಾದರೂ ಆರುವುದಿಲ್ಲ. ಪಡಿಯ ಅಡಿಯಲ್ಲೂ ಬಾಗಿಲ ತಳದಲ್ಲೂ ನೀರು ಇಳಿದುಹೋಗಲೆಂದು ಕಂಪನಿಯವರು ಸಣ್ಣ ತೂತು ಬಿಟ್ಟಿರುತ್ತಾರೆ. ತೇಪೆ ಹಾಕುವವನು ಅವನ್ನೂ ಸೇರಿಸಿ ಮುಚ್ಚಿಬಿಡುತ್ತಾನೆ. ಒಳಗೆ ಹೋದ ಮಳೆನೀರು ಅಲ್ಲೇ ಕೊಳೆಯುತ್ತದೆ. ತುಕ್ಕು ಹಿಡಿದ ತಗಡಿನ ಮೇಲೇ ಹೊಸ ತಗಡು ಕೂರಿಸಿದರೆ ಎರಡರ ನಡುವೆ ನೀರು ಸಿಕ್ಕಿಕೊಂಡು ಹಳೆಯದರ ಜೊತೆ ಹೊಸದೂ ಹೋಗುತ್ತದೆ. ಹಾಗಾಗಿ ತೇಪೆ ಹಾಕಿದ ಕಾರು ಹಾಕದ ಕಾರಿಗಿಂತ ಬೇಗ ಸಾಯುತ್ತದೆ.

ಅಪಾಯದ ಮಾತು ಇನ್ನೂ ಇದೆ. ಲಾರಿಗೆ, ಹಳೇ ಜೀಪಿಗೆ ಚಾಸಿಸ್ ಎಂಬ ಉಕ್ಕಿನ ಏಣಿ ಕೆಳಗೆ ಬೇರೆಯೇ ಇರುತ್ತದೆ. ಮೇಲಿನ ತಗಡು ಹೋದರೂ ಏಣಿ ಭಾರ ಹೊರುತ್ತದೆ. ಅಂಬಾಸಿಡರ್, ಪದ್ಮಿನಿ, 800, ಓಮ್ನಿಗಳಿಗೆ ಹಾಗೆ ಬೇರೆ ಏಣಿಯಿಲ್ಲ. ನೆಲ, ಪಡಿ, ಕಂಬ ಎಲ್ಲ ಸೇರಿಯೇ ಭಾರ ಹೊರಬೇಕು. ಡಿಕ್ಕಿಯಾದರೆ ಪೆಟ್ಟು ತಿನ್ನಬೇಕಾದದ್ದೂ ಅವೇ. ಸೀಟಿನ ಬೋಲ್ಟು, ಬೆಲ್ಟಿನ ಕೊಕ್ಕೆ ಕಚ್ಚಿ ಹಿಡಿದಿರುವುದೂ ಅವನ್ನೇ. ಆ ಜಾಗದಲ್ಲಿ ಪುಟ್ಟಿ, ಪೇಪರು ಇದ್ದರೆ ಹಿಡಿಯುವುದು ಏನನ್ನು?

ಅಷ್ಟೇ ಅಲ್ಲ. ಸೈಲೆನ್ಸರ್ ಪೈಪು ಸೋರುತ್ತಿದ್ದರೆ ನೆಲದ ತೂತಿನಿಂದ ಹೊಗೆ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಗಾಜು ಏರಿಸಿ ಕೂತವರಿಗೆ ತಲೆನೋವು, ಮಂಪರು, ಕೊನೆಗೆ ಪ್ರಾಣಕ್ಕೇ ಸಂಚಕಾರ.

ಯಾರ ತಪ್ಪು?

ಟಿಂಕರಿಂಗಿನವರನ್ನು ಕೇಳಿದರೆ ಅವರ ಉತ್ತರವೂ ಸಿದ್ಧವಿದೆ. "ಕೊಳೆತದ್ದನ್ನು ಕತ್ತರಿಸಿ ತೆಗೆದು ಹೊಸ ಶೀಟು ವೆಲ್ಡ್ ಮಾಡ್ಬೇಕು, ವಾರ ಬೇಕು ಅಂದ್ರೆ ಯಾರೂ ಒಪ್ಪುದಿಲ್ಲ. ಸಂಜೆಯೊಳಗೆ ಆಗ್ಬೇಕು, ಪಾರ್ಟಿ ನೋಡ್ಲಿಕ್ಕೆ ಬರ್ತಾರೆ, ಚಂದ ಕಂಡ್ರೆ ಸಾಕು ಅಂತಾರೆ. ನಾವೆಂತ ಮಾಡುದು?"

ಮಾತು ಸುಳ್ಳಲ್ಲ. ಮಾರುವವನಿಗೆ ಕಾರು ಸಾಗಬೇಕು, ಕೊಳ್ಳುವವನಿಗೆ ಅಗ್ಗಕ್ಕೆ ಸಿಗಬೇಕು, ಬ್ರೋಕರಿಗೆ ಕಮಿಷನ್ ಬರಬೇಕು. ಮೂವರ ನಡುವೆ ಗೋಣಿತಾಟು ಕೂತುಬಿಡುತ್ತದೆ.

ಕಾನೂನಿನ ಕಣ್ಣಾದರೂ ಎಲ್ಲಿದೆ? 1988ರ ಮೋಟಾರು ವಾಹನ ಕಾಯ್ದೆಯಂತೆ ಖಾಸಗಿ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಬಾಡಿಗೆ ವಾಹನಕ್ಕಾದರೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ಎಫ್.ಸಿ. ಆಗಬೇಕು. ಅಂದರೆ ಖಾಸಗಿ ಕಾರಿನ ಅಡಿಯನ್ನು ಐದು ಮಳೆಗಾಲ ಯಾರೂ ನೋಡದೆ ಇರಬಹುದು. ಕರಾವಳಿಯ ತುಕ್ಕಿಗೆ ಐದು ಮಳೆಗಾಲ ಬೇಕಾದಷ್ಟಾಯಿತು. ಇಂಗ್ಲೆಂಡಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ಪರೀಕ್ಷೆ ನಡೆಯುತ್ತದೆ. ಭಾರ ಹೊರುವ ಜಾಗಕ್ಕೆ ಪುಟ್ಟಿ, ಫೈಬರ್ ಮೆತ್ತಿದ್ದರೆ ಅಲ್ಲಿ ಅದು ರಿಪೇರಿ ಅನ್ನಿಸಿಕೊಳ್ಳುವುದೇ ಇಲ್ಲ, ಕಾರು ಫೇಲು.

ಕೊಳ್ಳುವ ಮುನ್ನ

ಅನುಭವಸ್ಥರು ಹೇಳುವುದು ಹೀಗೆ. ಹಳೇ ಕಾರು ನೋಡಲು ಮಳೆ ಬರುವಾಗ, ಕತ್ತಲಾದ ಮೇಲೆ ಹೋಗಬೇಡಿ. ಕಾಲಡಿಯ ಮ್ಯಾಟ್ ಎತ್ತಿ ನೆಲ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆಸಿ ಅದರ ಗುಂಡಿ ನೋಡಿ. ಬ್ಯಾಟರಿಯ ಕೆಳಗೆ, ಚಕ್ರದ ಮೇಲಿನ ಕಮಾನಿನೊಳಗೆ, ಮುಂದಿನ ಗಾಜಿನ ರಬ್ಬರಿನ ಅಂಚಿನಲ್ಲಿ ಕೈಯಾಡಿಸಿ. ಬಟ್ಟೆ ಸುತ್ತಿದ ಮ್ಯಾಗ್ನೆಟ್ ಹಿಡಿಯಿರಿ, ಬೆರಳಿನ ಗೆಣ್ಣಿನಿಂದ ತಟ್ಟಿ ಕೇಳಿ. ಹಲಸಿನ ಹಣ್ಣು ತಟ್ಟಿ ನೋಡುವವರಿಗೆ ಇದೇನು ಕಷ್ಟವಲ್ಲ. ಕಾರಿನ ಅಡಿಗೆ ಹೊಸದಾಗಿ ಕಪ್ಪು ಟಾರು ಬಳಿದಿದ್ದರೆ ಯಾಕೆಂದು ಕೇಳಿ. ಜಾಕ್ ಕೊಟ್ಟು ಎತ್ತಿಸಿ. ಜಾಕ್ ಕೊಟ್ಟ ಜಾಗ ಹಪ್ಪಳದ ಹಾಗೆ ಮುರಿದರೆ ನಮಸ್ಕಾರ ಹೇಳಿ ಬನ್ನಿ.

ಇದ್ದ ಕಾರನ್ನೇ ಉಳಿಸಿಕೊಳ್ಳಬೇಕೇ? ಮಳೆಗಾಲದಲ್ಲಿ ಆಗಾಗ ಅಡಿಗೆ ಸಿಹಿನೀರು ಹೊಡೆಸಿ ತೊಳೆಯಿರಿ. ನೀರಿಳಿಯುವ ತೂತು ಕಟ್ಟದಂತೆ ನೋಡಿಕೊಳ್ಳಿ. ಒದ್ದೆ ಮ್ಯಾಟ್ ಒಣಗಿಸಿ. ತುಕ್ಕು ಹಿಡಿದಿದ್ದರೆ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಹೊಸ ಶೀಟು ವೆಲ್ಡ್ ಮಾಡಿಸಿ, ಪ್ರೈಮರ್ ಹೊಡೆಸಿ, ಆಮೇಲೆ ಬಣ್ಣದ ಮಾತು.

ಇನ್ನೊಂದು ಗಾಡಿ

ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಗ್ಯಾರೇಜಿನವನು ಎಣ್ಣೆಡಬ್ಬದ ತಗಡನ್ನು ಕೈಯಲ್ಲಿ ಹಿಡಿದುಕೊಂಡೇ ಒಂದು ಪ್ರಶ್ನೆ ಕೇಳಿದ: "ಅಣ್ಣ, ನಿಮ್ಮ ಆ ಹಳೇ ಓಮ್ನಿ ಈಗ ಎಲ್ಲುಂಟು?"

ವ್ಯಾಪಾರಿ ಮಾತಾಡಲಿಲ್ಲ. 800 ಕೊಳ್ಳುವ ಮೊದಲು ಅಂಗಡಿ ಸಾಮಾನಿಗೆಂದು ಇಟ್ಟುಕೊಂಡಿದ್ದ ಓಮ್ನಿ ಅದು. ಉಪ್ಪಿನ ಮೂಟೆ, ಬೆಲ್ಲದ ಡಬ್ಬ ಹೊತ್ತು ನೆಲ ಹೋಗಿತ್ತು. ಮಾರುವ ವಾರ ಅವರೇ ಬೇರೊಂದು ಶೆಡ್ಡಿಗೆ ಒಯ್ದು, "ನೋಡುವವರಿಗೆ ಚಂದ ಕಾಣುವಷ್ಟು ಮಾಡಿ ಕೊಡಿ" ಎಂದಿದ್ದರು. ಒಳಗೆ ಏನು ತುಂಬಿದರೆಂದು ಅವರೂ ಕೇಳಿರಲಿಲ್ಲ, ಕೊಂಡವನೂ ಕೇಳಿರಲಿಲ್ಲ.

ಆ ಓಮ್ನಿ ಈಗ ದಿನಾ ಬೆಳಿಗ್ಗೆ ಶಾಲೆ ಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ. ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆಗೆ ಮಕ್ಕಳನ್ನು ಒಯ್ಯುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಬಸ್ಸಿಗೆ ಕಾದು ನಿಂತವರ ಎದುರೇ ದಿನಾ ಹೋಗುತ್ತದೆ, ಅದೂ ಎಲ್ಲರಿಗೂ ಗೊತ್ತು.

ವ್ಯಾಪಾರಿ ಆ ರಾತ್ರಿಯೇ ಡ್ರೈವರಿಗೆ ಫೋನ್ ಮಾಡಿದರು. ಮೊದಲು ಅವನು ನಂಬಲಿಲ್ಲ, ಆಮೇಲೆ ಬೈದ. ಭಾನುವಾರ ಗಾಡಿ ತಂದ. ಮ್ಯಾಟ್ ಎತ್ತಿದಾಗ ನಡುಸೀಟಿನ ಎರಡು ಬೋಲ್ಟುಗಳ ಸುತ್ತ ತಗಡು ಚಹಾಕ್ಕೆ ಅದ್ದಿದ ಬಿಸ್ಕತ್ತಿನ ಹಾಗಿತ್ತು. ಗ್ಯಾರೇಜಿನವನು ಸೀಟನ್ನು ಎರಡು ಕೈಯಲ್ಲಿ ಹಿಡಿದು ಎಳೆದ. ಬೋಲ್ಟಿನ ಸಮೇತ ಎದ್ದು ಬಂತು.

ವೆಲ್ಡಿಂಗಿಗೆ ಎಂಟು ದಿನ ಹಿಡಿಯಿತು. ಖರ್ಚಿನ ಮುಕ್ಕಾಲು ಪಾಲು ವ್ಯಾಪಾರಿಯೇ ಕೊಟ್ಟರು. ತನ್ನ 800 ಕೂಡ ರಿಪೇರಿ ಮಾಡಿಸುವಷ್ಟು ದುಡ್ಡು ಕೈಯಲ್ಲಿ ಉಳಿಯಲಿಲ್ಲ. ಇನ್ನೊಮ್ಮೆ ಪುಟ್ಟಿ ಬಳಿದು ಸಾಗಹಾಕಿ ಎಂದು ಬ್ರೋಕರ್ ಸಲಹೆ ಕೊಟ್ಟ. ಅವರು ಆರ್.ಸಿ. ರದ್ದು ಮಾಡಿಸಿ ಗಾಡಿಯನ್ನು ಗುಜರಿಗೆ ಹಾಕಿದರು. ಈಗ ಬೆಳಿಗ್ಗೆ ಎಂಟರ ಬಸ್ಸಿಗೆ ಅಂಗಡಿಗೆ ಬರುತ್ತಾರೆ.

ಆ ಒಂದು ಓಮ್ನಿಯ ನೆಲ ಗಟ್ಟಿಯಾಯಿತು, ಒಳ್ಳೆಯದೇ. ಬೋರ್ಡು ಮಾತ್ರ ಇನ್ನೂ ಬಿಳಿಯಾಗಿಯೇ ಇದೆ. ಮ್ಯಾಟ್ ಎತ್ತದೆ ಓಡುತ್ತಿರುವ ಉಳಿದ ಗಾಡಿಗಳ ಗತಿಯೇನು? ಶಾಲೆ ಶುರುವಾಗುವ ಮೊದಲೇ ಸಂಬಂಧಪಟ್ಟ ಅಧಿಕಾರಿಗಳು ಒಮ್ಮೆ ಬಗ್ಗಿ ನೋಡುವರೇ? ಅವರು ನೋಡುವ ತನಕ ಮಕ್ಕಳನ್ನು ಗಾಡಿ ಹತ್ತಿಸುವ ಅಪ್ಪ-ಅಮ್ಮಂದಿರಾದರೂ ಒಮ್ಮೆ ಕಾಲಡಿಯ ಮ್ಯಾಟ್ ಎತ್ತಿ ನೋಡಲಿ.